ಊರಿನ ನಾಲಿಗೆ, ಲೋಕದ ರಂಗ: ಶಿವಾನ್ ಮೆಕೆನ್ನಾ



ನಿಮ್ಮಲ್ಲಿ ಹಲವರು ಡೇವಿಡ್ ಲೀನ್ ನಿರ್ದೇಶಿಸಿದ ‘ಡಾಕ್ಟರ್ ಜಿವಾಗೊ’ ಸಿನಿಮಾ ನೋಡಿರುತ್ತೀರಿ. ಒಮರ್ ಷರೀಫ್, ಜೂಲಿ ಕ್ರಿಸ್ಟಿ ಇಬ್ಬರೂ ನೆನಪಿನಲ್ಲಿರುತ್ತಾರೆ. ಆ ಹಿಮ, ಆ ಬಾಲಲೈಕಾ ವಾದ್ಯದ ನಾದ ಕೂಡ. ಅನಾಥ ಹುಡುಗ ಯೂರಿಯನ್ನು ಸಾಕಿಕೊಂಡ ಮನೆಯ ಯಜಮಾನಿ ಆನಾ ನೆನಪಿದ್ದಾರೆಯೆ? ಯೂರಿ ಮುಂದೆ ಮದುವೆಯಾಗುವ ಟೋನ್ಯಾಳ ತಾಯಿ. ನೆನಪಿಲ್ಲದಿದ್ದರೆ ತಪ್ಪು ನಿಮ್ಮದಲ್ಲ, ಪಾತ್ರವೇ ಅಷ್ಟು ಚಿಕ್ಕದು. ಆದರೆ ಅದನ್ನು ಮಾಡಿದಾಕೆಯನ್ನು ಅದಕ್ಕೆ ಹತ್ತು ವರ್ಷ ಮೊದಲು ಲಂಡನ್ನಿನ ವಿಮರ್ಶಕರು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆ 1955ರಲ್ಲಿ ಮೊದಲ ಬಾರಿಗೆ ರಂಗಪ್ರಶಸ್ತಿಗಳನ್ನು ಕೊಟ್ಟಾಗ ಶ್ರೇಷ್ಠ ನಟಿಯೆಂದು ಆರಿಸಿದ್ದು ಇವರನ್ನೇ. ಹೆಸರು ಶಿವಾನ್ ಮೆಕೆನ್ನಾ. ಇಂದಿನ ಮಾತೆಲ್ಲ ಈ ಐರಿಷ್ ನಟಿಯ ಕುರಿತು.

ಇವರನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಭಾಷೆಯೊಂದರ ರಂಗಭೂಮಿಗೆ ಚಿಕ್ಕ ಭಾಷೆಯಿಂದ ಹೋಗುವ ನಟರು ಸಾಮಾನ್ಯವಾಗಿ ಬಾಗಿಲಲ್ಲೇ ತಮ್ಮ ನಾಲಿಗೆಯನ್ನು ಕಳಚಿಟ್ಟು ಒಳಗೆ ಹೋಗುತ್ತಾರೆ. ಉಚ್ಚಾರ ತಿದ್ದಿಕೊಳ್ಳುತ್ತಾರೆ, ಊರಿನ ರಾಗ ಅಳಿಸಿಕೊಳ್ಳುತ್ತಾರೆ. ಮೆಕೆನ್ನಾ ಹಾಗೆ ಮಾಡಲಿಲ್ಲ. ತಮಗೆ ಅತ್ಯಂತ ಕೀರ್ತಿ ತಂದ ಪಾತ್ರವನ್ನು ಮೊದಲು ಐರಿಷ್ ಭಾಷೆಯಲ್ಲಿ ಕಟ್ಟಿಕೊಂಡು, ಆಮೇಲೆ ಅದೇ ಉಸಿರಿನಲ್ಲಿ ಇಂಗ್ಲಿಷಿಗೆ ತಂದರು. ಹಾಗೆ ತಂದದ್ದಕ್ಕೆ ಸಿಕ್ಕ ಗೌರವವೂ ದೊಡ್ಡದು, ತೆತ್ತ ಬೆಲೆಯೂ ಸಣ್ಣದಲ್ಲ. ಬೆಲೆಯ ಮಾತನ್ನು ಅಭಿಮಾನದ ಬರಹಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ನಾನು ಬಿಡಲಾರೆ.

ಅವರು ಹುಟ್ಟಿದ್ದು 1920ರ ದಶಕದ ಆರಂಭದಲ್ಲಿ, ಬೆಲ್‌ಫಾಸ್ಟ್ ನಗರದಲ್ಲಿ. ಐರ್ಲೆಂಡ್ ಆಗಷ್ಟೇ ಎರಡು ತುಂಡಾಗಿತ್ತು. ಬೆಲ್‌ಫಾಸ್ಟ್ ಬ್ರಿಟಿಷರ ಬಳಿ ಉಳಿದ ಉತ್ತರ ಭಾಗಕ್ಕೆ ಸೇರಿತು. ಮೆಕೆನ್ನಾ ಮನೆಯವರು ಕ್ಯಾಥೊಲಿಕರು, ರಾಷ್ಟ್ರೀಯವಾದಿಗಳು. ತಂದೆ ಗಣಿತದ ಮೇಷ್ಟ್ರು. ಮಗಳಿಗೆ ಐದಾರು ವರ್ಷವಾಗಿದ್ದಾಗ ಸಂಸಾರ ಪಶ್ಚಿಮ ಕರಾವಳಿಯ ಗಾಲ್ವೇಗೆ ಬಂತು. ತಂದೆ ಅಲ್ಲಿನ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಮನೆಯಲ್ಲಿ ಆಡುತ್ತಿದ್ದದ್ದು ಐರಿಷ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹತ್ತೊಂಬತ್ತನೆಯ ಶತಮಾನದ ಮಧ್ಯದ ಆಲೂಗಡ್ಡೆ ಕ್ಷಾಮ ಐರ್ಲೆಂಡಿನ ಜನರನ್ನು ಮಾತ್ರ ಕೊಲ್ಲಲಿಲ್ಲ. ಸತ್ತವರಲ್ಲಿ, ಹಡಗು ಹತ್ತಿ ಹೋದವರಲ್ಲಿ ಐರಿಷ್ ಆಡುವ ಬಡವರೇ ಹೆಚ್ಚು. ಸ್ವಾತಂತ್ರ್ಯ ಬರುವ ಹೊತ್ತಿಗೆ ಆ ಭಾಷೆ ಪಶ್ಚಿಮದ ಕಲ್ಲುನೆಲದ ಅಂಚಿಗೆ ಸರಿದಿತ್ತು. ಹೊಸ ಸರ್ಕಾರ ಅದನ್ನು ಶಾಲೆಗೆ, ಕಚೇರಿಗೆ, ಕಾಲೇಜಿಗೆ ತರಲು ಹೊರಟಿತು. ಗಾಲ್ವೇ ಕಾಲೇಜಿಗೆಂದೇ 1929ರಲ್ಲಿ ಒಂದು ಕಾನೂನು ಬಂತು: ಐರಿಷ್‌ನಲ್ಲಿ ಪಾಠ ಮಾಡಬಲ್ಲವರಿಗೆ ಕೆಲಸದಲ್ಲಿ ಆದ್ಯತೆ. ಅದಕ್ಕೂ ಒಂದು ವರ್ಷ ಮೊದಲು, 1928ರಲ್ಲಿ, ಅದೇ ಊರಿನಲ್ಲಿ ಐರಿಷ್ ಭಾಷೆಗೆ ಮೀಸಲಾದ ರಂಗಮಂದಿರವೊಂದು ಶುರುವಾಯಿತು. ಹೆಸರು ತೈವ್‌ಯಾರ್ಕ್. ಮೊದಲ ನಾಟಕ ‘ದಿಯರ್ಮಿದ್ ಮತ್ತು ಗ್ರಾನ್ಯ’, ಬರೆದು ಆಡಿಸಿದವರು ಮಿಹಾಲ್ ಮ್ಯಾಕ್ ಲಿಯಾಮೋರ್. ಈ ಮಹಾಶಯರ ಕಥೆಯೇ ಬೇರೆ. ಐರಿಷ್ ಸಂಸ್ಕೃತಿಯ ಮೂರ್ತರೂಪವೆಂದು ದೇಶವೆಲ್ಲ ನಂಬಿದ್ದ ಇವರು ನಿಜಕ್ಕೂ ಲಂಡನ್ನಿನಲ್ಲಿ ಹುಟ್ಟಿದ ಇಂಗ್ಲಿಷರು. ಹುಟ್ಟುಹೆಸರು ಆಲ್ಫ್ರೆಡ್ ವಿಲ್ಮೋರ್. ಭಾಷೆ ಕಲಿತು, ಹೆಸರು ಬದಲಿಸಿಕೊಂಡು, ಬಾಳೆಲ್ಲ ಐರಿಷನಾಗಿ ನಟಿಸಿದರು. ‘ನಟಿಸಿದರು’ ಎನ್ನುವುದು ಕಟುವಾಯಿತೇನೋ. ಬದುಕಿದರು ಎಂದರೂ ಸರಿಯೆ.

ಇಂಥ ರಂಗಮಂದಿರದಲ್ಲಿ, 1940ರ ಸುಮಾರಿಗೆ, ಕಾಲೇಜು ಹುಡುಗಿ ಶಿವಾನ್ ಬಣ್ಣ ಹಚ್ಚಿದಳು. ಅಲ್ಲಿ ಸಂಬಳವಿಲ್ಲ, ವೃತ್ತಿನಟರಿಲ್ಲ. ಆದರೆ ಷೇಕ್ಸ್‌ಪಿಯರ್ ಇದ್ದ, ಐರಿಷ್‌ನಲ್ಲಿ. ಲೇಡಿ ಮ್ಯಾಕ್‌ಬೆತ್ ಪಾತ್ರವನ್ನು ಆಕೆ ಮಾಡಿದ್ದು ಆ ಭಾಷೆಯಲ್ಲೇ. ಜೆ.ಎಂ. ಬ್ಯಾರಿಯ ‘ಮೇರಿ ರೋಸ್’ ನಾಟಕವನ್ನು ತಾನೇ ಅನುವಾದಿಸಿಕೊಂಡಳು. ಇಪ್ಪತ್ತರ ಆಸುಪಾಸಿನಲ್ಲೇ, ಯಾವ ಪಾತ್ರವನ್ನಾದರೂ ತನ್ನ ಭಾಷೆಗೆ ಎಳೆದು ತರಬಹುದೆಂಬ ಧೈರ್ಯ ಬಂದಿತ್ತು. ನಟನಾ ಶಾಲೆಗಳು ಕಲಿಸುವ ವಿದ್ಯೆಯಲ್ಲ ಅದು.

ಬೆಲ್‌ಫಾಸ್ಟ್ ಎಂದಾಗ ಕನ್ನಡಿಗರಿಗೆ ನೆನಪಾಗಬೇಕಾದ ಇನ್ನೊಬ್ಬರಿದ್ದಾರೆ. ಜೇಮ್ಸ್ ಕಸಿನ್ಸ್ ಅದೇ ಊರಲ್ಲಿ 1873ರಲ್ಲಿ ಹುಟ್ಟಿದ ಕವಿ. ಐರಿಷ್ ರಾಷ್ಟ್ರೀಯ ರಂಗಭೂಮಿ ಮೊಳೆಯುತ್ತಿದ್ದ ದಿನಗಳಲ್ಲಿ, 1902ರಲ್ಲಿ, ಡಬ್ಲಿನ್ನಿನಲ್ಲಿ ಆಡಿದ ಮೊದಮೊದಲ ನಾಟಕಗಳಲ್ಲಿ ಇವರದೂ ಇತ್ತು. ಆನಿ ಬೆಸೆಂಟರ ಕರೆಯ ಮೇಲೆ 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ಕೆ.ವಿ. ಪುಟ್ಟಪ್ಪ ಎಂಬ ತರುಣ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಇವರ ಬಳಿ ಹೋದದ್ದು, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಇವರು ಹೇಳಿ ಕಳಿಸಿದ್ದು ನಿಮಗೆಲ್ಲ ಗೊತ್ತಿರುವ ಸಂಗತಿ. ಆ ಸಲಹೆಯನ್ನು ನಾವು ಒಬ್ಬ ಸಜ್ಜನನ ಔದಾರ್ಯವೆಂದು ನೋಡುತ್ತೇವೆ. ಅದರ ಹಿಂದೆ ಐರ್ಲೆಂಡಿನ ಒಂದು ಪೀಳಿಗೆಯ ನೋವಿತ್ತು, ಕಳೆದುಕೊಂಡವರ ತಿಳಿವಳಿಕೆಯಿತ್ತು. ಕಸಿನ್ಸ್ ಸ್ವತಃ ಬರೆದದ್ದು ಇಂಗ್ಲಿಷಿನಲ್ಲಿ ಎಂಬುದನ್ನು ಮರೆಯಬಾರದು. ಅವರಿಗೆ ಇರದ ಭಾಗ್ಯ ಅದೇ ಊರಿನ ಮೆಕೆನ್ನಾಗೆ ಮನೆಯಲ್ಲೇ ದೊರೆತಿತ್ತು.

ಡಬ್ಲಿನ್ನಿಗೆ ಬಂದ ಮೆಕೆನ್ನಾ 1944ರಲ್ಲಿ ಆ್ಯಬಿ ಥಿಯೇಟರ್ ಸೇರಿದರು. ಯೇಟ್ಸ್, ಲೇಡಿ ಗ್ರೆಗರಿ ಕಟ್ಟಿದ ಆ್ಯಬಿ ಆಗ ಅರ್ನೆಸ್ಟ್ ಬ್ಲೈತ್ ಕೈಯಲ್ಲಿತ್ತು. ಹಿಂದೆ ಹಣಕಾಸು ಮಂತ್ರಿಯಾಗಿದ್ದವರು, ಐರಿಷ್ ಬಲ್ಲ ನಟರೇ ಬೇಕೆಂದು ಹಟ ಹಿಡಿದವರು. ಅವರ ಹಟದಿಂದ ರಂಗಕಲೆ ಸೊರಗಿತೆಂದು ಬೈದವರು ಬಹಳ. ಇರಬಹುದು, ಆದರೆ ಮೆಕೆನ್ನಾ ಆ ಬಾಗಿಲಿಂದ ಒಳಗೆ ಬಂದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿನ ಹಿರಿಯ ನಟ ಡೆನಿಸ್ ಓ’ಡೇ ಅವರನ್ನು 1946ರಲ್ಲಿ ಮದುವೆಯಾದರು. ಒಬ್ಬ ಮಗ, ಡೊನಾಖಾ. ಈತ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಐರ್ಲೆಂಡಿಗಾಗಿ ಈಜಿ, ಮುಂದೆ ಇಸ್ಪೀಟಿನ ಪೋಕರ್ ಆಟದಲ್ಲಿ ವಿಶ್ವಮಟ್ಟದ ಆಟಗಾರನಾದ. ಅಪ್ಪನಿಗೂ ಇಸ್ಪೀಟೆಂದರೆ ಪ್ರಾಣ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬರ್ನಾರ್ಡ್ ಷಾ ‘ಸೇಂಟ್ ಜೋನ್’ ಬರೆದದ್ದು 1923ರಲ್ಲಿ. ಫ್ರಾನ್ಸಿನ ಹಳ್ಳಿಹುಡುಗಿ ಜೋನ್ ದೇವರ ದನಿ ಕೇಳಿಸಿತೆಂದು ಸೈನ್ಯದ ಮುಂದೆ ನಿಂತು ಗೆದ್ದು, ಕೊನೆಗೆ ಧರ್ಮದ್ರೋಹದ ಆರೋಪದಲ್ಲಿ ಬೆಂಕಿಗೆ ಬಿದ್ದ ಕಥೆ. ಚರ್ಚು ಆಕೆಯನ್ನು ಸಂತಳೆಂದು ಸಾರಿದ್ದು ಸುಮಾರು ಐದು ಶತಮಾನ ಕಳೆದ ಮೇಲೆ, 1920ರಲ್ಲಿ. ಲಂಡನ್ನಿನಲ್ಲಿ ಸಿಬಿಲ್ ಥಾರ್ನ್‌ಡೈಕ್ 1924ರಲ್ಲಿ ಈ ಪಾತ್ರ ಮಾಡಿದ್ದರು. ಆ ನೆರಳಿಂದ ಹೊರಬರುವುದು ಮುಂದಿನವರಿಗೆ ಕಷ್ಟವಾಗಿತ್ತು.

ಮೆಕೆನ್ನಾ ಲಂಡನ್ನಿನಿಂದ ಶುರುಮಾಡಲೇ ಇಲ್ಲ. 1950–51ರ ಸುಮಾರಿಗೆ ನಾಟಕವನ್ನು ಪೂರ್ತಿಯಾಗಿ ಐರಿಷ್‌ಗೆ ಅನುವಾದಿಸಿ, ತಮ್ಮ ಹಳೆಯ ತೈವ್‌ಯಾರ್ಕ್‌ನಲ್ಲಿ ತಾವೇ ಜೋನ್ ಆದರು. ಷಾ 1950ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಡಬ್ಲಿನ್ನಿನ ಮಗನಾದರೂ ಐರಿಷ್ ಭಾಷೆಯ ಪುನರುಜ್ಜೀವನದ ಗೊಡವೆಗೆ ಹೋದವರಲ್ಲ. ಅವರ ಬಾಯಿಗೆ ಆ ಭಾಷೆಯನ್ನು ತುರುಕಿದ್ದು ಈ ಗಾಲ್ವೇ ಹುಡುಗಿ.

ಅನುವಾದಿಸಿದವರೇ ನಟಿಸಿದಾಗ ಏನಾಗುತ್ತದೆ? ನಟಿಗೆ ಸಾಮಾನ್ಯವಾಗಿ ಸಿಗುವುದು ಸಿದ್ಧವಾಕ್ಯ. ಅನುವಾದಕಿಗೆ ವಾಕ್ಯದ ಮುಂದೆ ಕೂತು, ಈ ಮಾತು ಯಾಕೆ ಇಲ್ಲಿ, ಇವಳು ಇದನ್ನು ಇನ್ನು ಹೇಗೆ ಹೇಳಬಹುದಿತ್ತು ಎಂದು ಜಗಳವಾಡಬೇಕಾಗುತ್ತದೆ. ಷಾ ಬರೆದ ಜೋನ್‌ಳ ಹಳ್ಳಿಮಾತು ಇಂಗ್ಲಿಷಿನಲ್ಲಿ ಸ್ವಲ್ಪ ಕೃತಕ. ಯಾವ ಹಳ್ಳಿಯದೂ ಅಲ್ಲದ ಹಳ್ಳಿಮಾತು. ಐರಿಷ್‌ನಲ್ಲಿ ಅದಕ್ಕೆ ನಿಜವಾದ ಹಳ್ಳಿ ದೊರೆಯಿತು. ಅಲ್ಲಿ ಹೊಲಗೆಲಸದ ಹೆಣ್ಣೂ ದೇವರೂ ಒಂದೇ ಭಾಷೆಯಲ್ಲಿ ಮಾತಾಡುವುದು ದಿನದ ಸಂಗತಿ, ಪವಾಡವಲ್ಲ.

ಆಮೇಲೆ ಡಬ್ಲಿನ್ನಿನ ಗೇಟ್ ನಾಟಕ ಕಂಪನಿಯೊಂದಿಗೆ ಇಂಗ್ಲಿಷಿನಲ್ಲಿ ಜೋನ್ ಮಾಡಿದರು. 1954ರಲ್ಲಿ ಲಂಡನ್ನಿನ ಆರ್ಟ್ಸ್ ಥಿಯೇಟರ್, ಅಲ್ಲಿಂದ 1955ರಲ್ಲಿ ಸೇಂಟ್ ಮಾರ್ಟಿನ್ಸ್. ಲಂಡನ್ನಿನ ಪ್ರೇಕ್ಷಕರು ಕಂಡದ್ದು ಬೆಳ್ಳಿಕವಚದ ಸಂತಳನ್ನಲ್ಲ. ಐರ್ಲೆಂಡಿನ ಪಶ್ಚಿಮದ ಉಚ್ಚಾರದಲ್ಲಿ ಮಾತಾಡುವ, ಒರಟು ಕೈಗಳ, ಅರಮನೆಯಲ್ಲೂ ಅಳುಕದ ರೈತರ ಹುಡುಗಿಯನ್ನು. ವಿಚಾರಣೆಯ ದೃಶ್ಯ ನಿಮಗೆ ನೆನಪಿರಬಹುದು. ಬೆಂಕಿಯ ಭಯಕ್ಕೆ ಜೋನ್ ತಪ್ಪೊಪ್ಪಿಗೆಗೆ ಗುರುತು ಹಾಕುತ್ತಾಳೆ. ಆಮೇಲೆ, ಪ್ರಾಣವೇನೋ ಉಳಿಯಿತು, ಉಳಿದ ಬಾಳು ಸೆರೆಮನೆಯಲ್ಲಿ ಎಂದು ತಿಳಿದಾಗ ಕಾಗದವನ್ನು ಹರಿದು ಹಾಕುತ್ತಾಳೆ. ಗಾಳಿ, ಮರ, ಕುರಿಮರಿಯ ಕೂಗು ಇಲ್ಲದ ಬದುಕು ಬೇಡವೆನ್ನುವ ಆ ಮಾತು ಎಷ್ಟೋ ನಟಿಯರ ಬಾಯಲ್ಲಿ ಕವಿತಾವಾಚನವಾಗಿಬಿಡುತ್ತದೆ. ಕುರಿ ಕಾದವಳು ಕುರಿಯ ಬಗ್ಗೆ ಕವಿತೆ ಹೇಳುವುದಿಲ್ಲ. ಮೆಕೆನ್ನಾ ಹಿಡಿದ ದಾರಿಯ ಬಲ ಇರುವುದೇ ಇಲ್ಲಿ: ತನ್ನಿಂದ ಕಿತ್ತುಕೊಳ್ಳುತ್ತಿರುವುದನ್ನು ಒಬ್ಬ ಹಳ್ಳಿಯವಳು ಲೆಕ್ಕ ಹಾಕಿ ಹೇಳುವ ದಾರಿ ಅದು.

1955ರ ಕೊನೆಗೆ ಬ್ರಾಡ್‌ವೇಗೆ ಕರೆ ಬಂತು, ಈನಿಡ್ ಬ್ಯಾಗ್ನಾಲ್ಡ್ ಬರೆದ ‘ದಿ ಚಾಕ್ ಗಾರ್ಡನ್’ ನಾಟಕಕ್ಕೆ. ಅದರ ಅಭಿನಯಕ್ಕೆ 1956ರ ಟೋನಿ ಪ್ರಶಸ್ತಿಗೆ ಹೆಸರು ಸೂಚಿತವಾಯಿತು. ಪ್ರಶಸ್ತಿ ಹೋದದ್ದು ಜೂಲಿ ಹ್ಯಾರಿಸ್‌ಗೆ, ಆನೂಯಿ ಬರೆದ ‘ದಿ ಲಾರ್ಕ್’ ನಾಟಕದ ಪಾತ್ರಕ್ಕೆ. ಆ ಪಾತ್ರ ಯಾರದು ಗೊತ್ತೆ? ಜೋನ್‌ಳದೇ! ಅದೇ ವರ್ಷ ಮೆಕೆನ್ನಾ ನ್ಯೂಯಾರ್ಕಿನ ಫೀನಿಕ್ಸ್ ಥಿಯೇಟರಿನಲ್ಲಿ ತಮ್ಮ ಜೋನ್‌ಳನ್ನು ತೋರಿಸಿದರು. 1957ರಲ್ಲಿ ಒಂದು ಪ್ರಾಯೋಗಿಕ ಪ್ರದರ್ಶನದಲ್ಲಿ ಹ್ಯಾಮ್ಲೆಟ್ ಆದರು, ಹೌದು, ರಾಜಕುಮಾರ ಹ್ಯಾಮ್ಲೆಟನೇ. ಅದೇ ವರ್ಷ ಕೆನಡಾದ ಸ್ಟ್ರಾಟ್‌ಫರ್ಡ್‌ನಲ್ಲಿ ‘ಟ್ವೆಲ್ಫ್ತ್ ನೈಟ್’ನ ವಯೋಲ. ‘ದಿ ರೋಪ್ ಡ್ಯಾನ್ಸರ್ಸ್’ ನಾಟಕಕ್ಕೆ ಇನ್ನೊಮ್ಮೆ ಟೋನಿಗೆ ಹೆಸರು ಸೂಚಿತವಾಯಿತು, ಇನ್ನೊಮ್ಮೆ ಕೈತಪ್ಪಿತು.

ಬೆಲೆಯ ಮಾತು ಈಗ. ಲೋಕ ಅವರನ್ನು ಐರ್ಲೆಂಡಿನ ಪ್ರತಿನಿಧಿಯೆಂದು ನೋಡತೊಡಗಿತು. ಪ್ರತಿನಿಧಿಯಾದವರಿಗೆ ಬಗೆಬಗೆಯ ಪಾತ್ರಗಳು ಬರುವುದು ಕಡಿಮೆ. ಸಿನಿಮಾದವರಂತೂ ಅವರೊಳಗೆ ಕಂಡದ್ದು ಹೆಚ್ಚಾಗಿ ಮಾತೆಯನ್ನೇ. ನಿಕೊಲಸ್ ರೇ ನಿರ್ದೇಶಿಸಿದ ‘ಕಿಂಗ್ ಆಫ್ ಕಿಂಗ್ಸ್’ ಸಿನಿಮಾದಲ್ಲಿ (1961) ಅವರು ಯೇಸುವಿನ ತಾಯಿ ಮರಿಯಳಾದರು. ಯೇಸುವಾದ ಜೆಫ್ರಿ ಹಂಟರ್ ಈ ‘ತಾಯಿ’ಗಿಂತ ಮೂರ್ನಾಲ್ಕು ವರ್ಷಕ್ಕಷ್ಟೇ ಚಿಕ್ಕವರು. ನಾಲ್ಕು ವರ್ಷ ಕಳೆದು ಜಿವಾಗೊ ಸಿನಿಮಾದ ಆನಾ.

ನಾಲಿಗೆ ಉಳಿಸಿಕೊಂಡವರಿಗೆ ಅಭಿಪ್ರಾಯವೂ ಇರುತ್ತದೆ ಎಂಬುದು ಬೇರೆ ತೊಂದರೆ. 1959ರಲ್ಲಿ ಅಮೆರಿಕದ ಪತ್ರಕರ್ತ ಎಡ್ವರ್ಡ್ ಮರ‍್ರೋ ನಡೆಸುತ್ತಿದ್ದ ‘ಸ್ಮಾಲ್ ವರ್ಲ್ಡ್’ ಟಿವಿ ಕಾರ್ಯಕ್ರಮದಲ್ಲಿ ನೋಯೆಲ್ ಕವರ್ಡ್, ಜೇಮ್ಸ್ ಥರ್ಬರ್ ಜೊತೆ ಮಾತಾಡುವಾಗ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐಆರ್‌ಎ ಸಂಘಟನೆಯ ಪ್ರಸ್ತಾಪ ಬಂತು. ಮೆಕೆನ್ನಾ ಆ ಸಂಘಟನೆಯ ಹುಡುಗರನ್ನು ಖಂಡಿಸಲಿಲ್ಲ, ಸಹಾನುಭೂತಿಯಿಂದಲೇ ಮಾತಾಡಿದರು. ಉತ್ತರ ಐರ್ಲೆಂಡಿನ ಸರ್ಕಾರ ಪ್ರತಿಭಟಿಸಿತು, ಬಿಬಿಸಿ ಆ ಕಾರ್ಯಕ್ರಮದ ಎರಡನೆಯ ಭಾಗವನ್ನು ತೋರಿಸದೆ ಬಿಟ್ಟಿತು. ಅವರ ಮಾತನ್ನು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ, ನನಗೂ ಒಪ್ಪಿಗೆಯಿಲ್ಲ. ಲಂಡನ್ನಿನ ರಂಗದಲ್ಲಿ ಅನ್ನ ದುಡಿಯುತ್ತಿದ್ದ ನಟಿ, ಆ ಮಾತಿಗೆ ತೆರಬೇಕಾದ ಬೆಲೆ ತಿಳಿದೂ ನುಂಗಿಕೊಳ್ಳಲಿಲ್ಲ ಎಂಬುದಷ್ಟನ್ನು ಗಮನಿಸಬೇಕು.

ಐರಿಷ್ ನಾಟಕಕಾರ ಜೆ.ಎಂ. ಸಿಂಗ್ ಬರೆದ ‘ದಿ ಪ್ಲೇಬಾಯ್ ಆಫ್ ದ ವೆಸ್ಟರ್ನ್ ವರ್ಲ್ಡ್’ ನಾಟಕದ ಪೆಗೀನ್ ಮೈಕ್ ಅವರ ಇನ್ನೊಂದು ಹೆಸರಾಂತ ಪಾತ್ರ. ಅಪ್ಪನನ್ನು ಕೊಂದು ಓಡಿಬಂದೆ ಎನ್ನುವ ಹುಡುಗನನ್ನು ಹಳ್ಳಿಯೇ ವೀರನೆಂದು ಹೊಗಳುತ್ತದೆ. ಸತ್ತನೆಂದುಕೊಂಡ ಅಪ್ಪ ತಲೆಗೆ ಬಟ್ಟೆ ಸುತ್ತಿಕೊಂಡು ಬಂದಾಗ ವೀರತ್ವ ಕರಗುತ್ತದೆ. ಹೆಂಡದಂಗಡಿಯವನ ಮಗಳು ಪೆಗೀನ್ ಅವನನ್ನು ಪ್ರೀತಿಸಿ, ತಾನೇ ದೂಡಿ, ಕೊನೆಗೆ ಕಳೆದುಕೊಂಡೆನೆಂದು ಅಳುತ್ತಾಳೆ. ಐರಿಷ್‌ನ ವಾಕ್ಯದ ನಡೆಯನ್ನೇ ಇಂಗ್ಲಿಷಿಗೆ ಹೊದಿಸಿ ಸಿಂಗ್ ಬರೆದದ್ದರಿಂದ, ಐರಿಷ್ ಗೊತ್ತಿಲ್ಲದ ನಟರ ಬಾಯಲ್ಲಿ ಅದು ಹಾಡಿನಂತೆ ಎಳೆದಾಡುತ್ತದೆ. ಮೆಕೆನ್ನಾ ಬಾಯಲ್ಲಿ ಅದು ಆಡುಮಾತು. ಡಬ್ಲಿನ್ ರಂಗೋತ್ಸವದಲ್ಲಿ 1960ರಲ್ಲಿ ಆಡಿದ ನಾಟಕ ಲಂಡನ್ನಿಗೂ ಯುರೋಪಿನ ಊರುಗಳಿಗೂ ಹೋಯಿತು. 1962ರಲ್ಲಿ ಸಿನಿಮಾ ಆಯಿತು. ಆ ಸಿನಿಮಾ ಸಿಕ್ಕರೆ ನೋಡಿ, ಆದರೆ ಅದರಿಂದ ಅವರನ್ನು ಅಳೆಯಬೇಡಿ. ನಲವತ್ತರ ಹತ್ತಿರ ಬಂದಿದ್ದ ನಟಿ ಇಪ್ಪತ್ತರ ಆಸುಪಾಸಿನ ಹುಡುಗಿಯಾಗಿದ್ದಾರೆ. ರಂಗದ ಹತ್ತನೆಯ ಸಾಲಿಗೆ ಕಾಣದ ವಯಸ್ಸು ಕ್ಯಾಮೆರಾಗೆ ಕಂಡುಬಿಡುತ್ತದೆ. ಅದಕ್ಕಿಂತ, ನಟ ಸಿರಿಲ್ ಕ್ಯೂಸಾಕ್ ಜೊತೆ 1950ರ ದಶಕದಲ್ಲಿ ಮಾಡಿದ ಇದೇ ನಾಟಕದ ಧ್ವನಿಮುದ್ರಿಕೆ ಕೇಳಿ. ಕಣ್ಣಿನ ಗಲಾಟೆ ಇಲ್ಲದಲ್ಲಿ ಅವರ ಕಲೆ ಪೂರ್ತಿ ಕೇಳಿಸುತ್ತದೆ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ಕಾದಂಬರಿಗಳ ಭಾಗಗಳನ್ನೂ ಅವರು ಹೀಗೆ ಓದಿದ್ದಾರೆ. ‘ಫಿನೆಗನ್ಸ್ ವೇಕ್’ ಕಣ್ಣಿಗೆ ಕಬ್ಬಿಣದ ಕಡಲೆ. ಅವರ ಬಾಯಲ್ಲಿ ಅದು ನದಿತೀರದ ಹೆಂಗಸರ ಹರಟೆ.

ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ಮಾಲಿ ಬ್ಲೂಮ್ 1970ರ ಅವರ ಏಕವ್ಯಕ್ತಿ ಪ್ರದರ್ಶನ ‘ಹಿಯರ್ ಆರ್ ಲೇಡೀಸ್’ನ ಕಳಶ. ಷಾ, ಯೇಟ್ಸ್, ಸಿಂಗ್, ಓ’ಕೇಸಿ, ಬೆಕೆಟ್ ಸೃಷ್ಟಿಸಿದ ಹೆಣ್ಣುಗಳನ್ನೆಲ್ಲ ಒಬ್ಬರೇ ಕರೆತರುತ್ತಿದ್ದರು. ಬರೆದವರೆಲ್ಲ ಗಂಡಸರೇ ಏಕೆ ಎಂದು ಇಂದಿನ ಪ್ರೇಕ್ಷಕಿ ಮೊದಲು ಕೇಳುತ್ತಾಳೆ, ಕೇಳಲೇಬೇಕು. ಐರಿಷ್ ನಾಟಕದ ಮುಖ್ಯ ಪರಂಪರೆಯಲ್ಲಿ ಅಂದು ಹೆಣ್ಣಿಗೆ ದೊರೆತಿದ್ದ ಜಾಗ ಅಷ್ಟೆ: ಮಾತಾಡುವವಳು ಅವಳು, ಮಾತು ಬರೆದವನು ಅವನು. 1975ರಲ್ಲಿ ರಾಷ್ಟ್ರಾಧ್ಯಕ್ಷ ಕಾರಲ್ ಓ’ಡಾಲಿ ಮೆಕೆನ್ನಾರನ್ನು ತಮ್ಮ ಸಲಹಾಮಂಡಲಿಗೆ ನೇಮಿಸಿಕೊಂಡರು. 1976ರಲ್ಲಿ ಆ್ಯಬಿಯಲ್ಲಿ ಓ’ಕೇಸಿಯ ‘ದಿ ಪ್ಲೋ ಅಂಡ್ ದ ಸ್ಟಾರ್ಸ್’ ನಾಟಕಕ್ಕೆ ಐವತ್ತು ತುಂಬಿದಾಗ ಬೆಸ್ಸಿ ಬರ್ಜೆಸ್ ಆದರು. ಅವರ ರಾಜಕೀಯ ತಿಳಿದವರಿಗೆ ಇದರ ತಮಾಷೆ ಗೊತ್ತಾಗುತ್ತದೆ: ಬೆಸ್ಸಿ ಬ್ರಿಟಿಷರ ಪರವಾದ ಪ್ರೊಟೆಸ್ಟೆಂಟ್ ಹೆಂಗಸು, ಗಲ್ಲಿಯ ದೊಡ್ಡ ಬಾಯಿ, ಕೊನೆಗೆ ನೆರೆಯವಳನ್ನು ಉಳಿಸಲು ಹೋಗಿ ಗುಂಡಿಗೆ ಬಲಿಯಾಗುವವಳು.

ಅವರ ಕೊನೆಯ ದೊಡ್ಡ ಪಾತ್ರ ಡಬ್ಲಿನ್ನಿನಲ್ಲೂ ಹುಟ್ಟಲಿಲ್ಲ, ಲಂಡನ್ನಿನಲ್ಲೂ ಅಲ್ಲ. ಗಾಲ್ವೇಯಲ್ಲಿ ಗ್ಯಾರಿ ಹೈನ್ಸ್, ಮರೀ ಮುಲನ್, ಮಿಕ್ ಲಾಲಿ ಎಂಬ ಮೂವರು ತರುಣರು 1975ರಲ್ಲಿ ‘ಡ್ರುಯಿಡ್’ ಎಂಬ ತಂಡ ಕಟ್ಟಿದ್ದರು. ತೈವ್‌ಯಾರ್ಕ್‌ನಿಂದ ನಡೆದು ಹೋಗುವಷ್ಟು ದೂರದ ಓಣಿಯಲ್ಲಿ ಅವರ ಪುಟ್ಟ ರಂಗಮಂದಿರ. ನಾಟಕಕಾರ ಟಾಮ್ ಮರ್ಫಿ ಈ ತಂಡಕ್ಕಾಗಿ ಬರೆದುಕೊಟ್ಟ ‘ಬಾಲಿಗನ್‌ಗಾರ’ ನಾಟಕವನ್ನು ಗ್ಯಾರಿ ಹೈನ್ಸ್ 1985ರ ಡಿಸೆಂಬರಿನಲ್ಲಿ ಆಡಿಸಿದರು. ನಗುವೇ ಇಲ್ಲದ ಊರಿನ ಕಥೆ.

ಹಳೆಯ ಮನೆಯ ಅಡುಗೆಕೋಣೆಯಲ್ಲಿ ಒಂದು ಮಂಚ. ಮಂಚದ ಮೇಲೆ ಮೊಮ್ಮೊ, ಅರಳುಮರಳು ಹತ್ತಿದ ಮುದುಕಿ; ಮೆಕೆನ್ನಾ ಮಾಡಿದ್ದು ಈ ಪಾತ್ರ. ರಾತ್ರಿಯಾದರೆ ಸಾಕು, ಇಲ್ಲದ ಮಕ್ಕಳಿಗೆ ಕಥೆ ಹೇಳಲು ಶುರುಮಾಡುತ್ತಾಳೆ. ಸಂತೆಗೆ ಹೋಗಿ ಬರುತ್ತಿದ್ದ ಗಂಡಹೆಂಡಿರು ದಾರಿಯಲ್ಲಿ ಪರ ಊರಲ್ಲಿ ಸಿಕ್ಕಿಕೊಂಡದ್ದು, ಅಲ್ಲಿ ಗಂಡ ನಗುವ ಪಂದ್ಯಕ್ಕೆ ನಿಂತದ್ದು. ಕಥೆ ಎಂದೂ ಮುಗಿಯುವುದಿಲ್ಲ. ಮುಗಿಯುವ ಜಾಗಕ್ಕೆ ಬಂದಾಗ ಮುದುಕಿ ಹಿಂದಕ್ಕೆ ಹೊರಳುತ್ತಾಳೆ. ನೋಡಿಕೊಳ್ಳುವ ಮೊಮ್ಮಗಳು ಮೇರಿ, ದಾದಿಯ ಕೆಲಸ ಬಿಟ್ಟು ಇಂಗ್ಲೆಂಡಿನಿಂದ ಬಂದವಳು, ಇಂದು ರಾತ್ರಿ ಇದನ್ನು ಮುಗಿಸಲೇಬೇಕು ಎಂದು ಪಟ್ಟು ಹಿಡಿಯುತ್ತಾಳೆ. ಪಂದ್ಯದಲ್ಲಿ ಅವರು ನಕ್ಕದ್ದು ಯಾವುದಕ್ಕೆ? ತಮ್ಮ ಕಷ್ಟಗಳಿಗೆ, ಸತ್ತ ಮಕ್ಕಳಿಗೆ, ಕೊಳೆತ ಬೆಳೆಗೆ. ಕಥೆಯ ಆ ಹೆಂಡತಿ ಮೊಮ್ಮೊಳೇ; ಅಷ್ಟು ಹೊತ್ತೂ ಮನೆಯಲ್ಲಿ ಮೊಮ್ಮಕ್ಕಳು ಕಾಯುತ್ತಿದ್ದರು. ಮನೆಯಲ್ಲಿ ಬೆಂಕಿಯ ಅವಘಡ, ಅದರಿಂದ ಮೊಮ್ಮಗನ ಸಾವು. ಮುದುಕಿ ಇಷ್ಟು ವರ್ಷ ತಪ್ಪಿಸಿಕೊಂಡು ತಿರುಗಿದ್ದು ಈ ಕೊನೆಯಿಂದ.

ಆ ಪಾತ್ರದ ಮಾತು ಪುಟಗಟ್ಟಲೆ. ಇಂಗ್ಲಿಷೇ ಆದರೂ ನಡುನಡುವೆ ಐರಿಷ್ ಪದಗಳು ಮೇಲೇಳುತ್ತವೆ; ಒಬ್ಬಳೇ ಮುದುಕಿ ಗಂಡನಾಗಿ, ಊರವರಾಗಿ, ನಗುವ ಗುಂಪಾಗಿ ಮಾತಾಡಬೇಕು. ಐರಿಷ್ ಹಳ್ಳಿಗಳಲ್ಲಿ ಬೆಂಕಿಯ ಮುಂದೆ ಕೂತು ಕಥೆ ಹೇಳುತ್ತಿದ್ದವರ ಪರಂಪರೆ ಅದರ ಬೆನ್ನಿಗಿದೆ. ಆ ಪರಂಪರೆಯನ್ನು ಪುಸ್ತಕದಿಂದ ಕಲಿಯದೆ ಕಿವಿಯಿಂದ ಪಡೆದಿದ್ದ, ಜೊತೆಗೆ ದೊಡ್ಡ ರಂಗಗಳ ಶಿಸ್ತೂ ಇದ್ದ ನಟಿ ಆ ಹೊತ್ತಿಗೆ ಇನ್ನೊಬ್ಬರಿದ್ದರೆಂದು ನನಗೆ ಅನ್ನಿಸುವುದಿಲ್ಲ. ಮೂರು ದಶಕ ಅವರ ಮೇಲೆ ಹೊರಿಸಿದ್ದ ‘ಐರ್ಲೆಂಡ್ ಮಾತೆ’ಯ ಪಟವನ್ನು ಅವರೇ ಈ ಮಂಚದ ಮೇಲೆ ಹರಿದು ಹಾಕಿದರು. ಇಲ್ಲಿಯ ಮುದುಕಿ ಪೂಜ್ಯಳಲ್ಲ. ಕುಹಕಿ, ಹಟಮಾರಿ, ನೋಡಿಕೊಳ್ಳುವ ಮೊಮ್ಮಗಳ ಗುರುತನ್ನೇ ಹಿಡಿಯದವಳು. ಜೋನ್ ಅವರ ಕೀರ್ತಿಯ ಪಾತ್ರ. ನನ್ನ ಲೆಕ್ಕದಲ್ಲಿ ಮೊಮ್ಮೊ ಅದಕ್ಕಿಂತ ದೊಡ್ಡದು.

ನಾಟಕ 1986ರ ಆರಂಭದಲ್ಲಿ ಲಂಡನ್ನಿನ ಡಾನ್ಮಾರ್ ವೇರ್‌ಹೌಸ್‌ಗೆ ಹೋಯಿತು. ಅದೇ ವರ್ಷ ನವೆಂಬರ್ 16ರಂದು, ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಹೃದಯಾಘಾತವಾಗಿ ಮೆಕೆನ್ನಾ ಡಬ್ಲಿನ್ನಿನಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಗಾಲ್ವೇಯ ರಾಹೂನ್ ಸ್ಮಶಾನದಲ್ಲಿ.

‘ಬಾಲಿಗನ್‌ಗಾರ’ದ ಮೊದಲ ಪ್ರದರ್ಶನದಲ್ಲಿ ಮೊಮ್ಮಗಳು ಮೇರಿಯಾಗಿದ್ದವರು ತಂಡ ಕಟ್ಟಿದ ಮೂವರಲ್ಲೊಬ್ಬರಾದ ಮರೀ ಮುಲನ್. ಕಥೆ ಮುಗಿಸು ಎಂದು ರಾತ್ರಿ ರಾತ್ರಿ ಮೆಕೆನ್ನಾರನ್ನು ಪೀಡಿಸಿದವರು ಅವರು. ಮುಂದೆ 1998ರಲ್ಲಿ ಟೋನಿ ಪ್ರಶಸ್ತಿ ಮುಲನ್‌ಗೂ ಬಂತು, ನಿರ್ದೇಶನಕ್ಕಾಗಿ ಗ್ಯಾರಿ ಹೈನ್ಸ್‌ಗೂ ಬಂತು. ಮೆಕೆನ್ನಾಗೆ ಎರಡು ಬಾರಿ ತಪ್ಪಿದ ಪ್ರಶಸ್ತಿ ಅದು. 2014ರಲ್ಲಿ ಡ್ರುಯಿಡ್ ಈ ನಾಟಕವನ್ನು ಮತ್ತೆ ಎತ್ತಿಕೊಂಡಾಗ ನಿರ್ದೇಶಕಿ ಅದೇ ಗ್ಯಾರಿ ಹೈನ್ಸ್. ಮಂಚ ಹತ್ತಿ ಮೊಮ್ಮೊ ಆದವರು ಮರೀ ಮುಲನ್.